ವಾಸಣ್ಣ ಚಿಕ್ಕಪ್ಪನ ಕಿವಿ

ಹೋದ ಭಾನುವಾರ ನೀವಿಬ್ಬರೂ ಮೂಡಿಗೆರೆಯ ಬೈಕ್ ರೇಸ್ ನೋಡಿಕೊಂಡು ಬಂದು, ಕೆಸರಾದ ಅಂಗಿಗಳನ್ನು ಜಗಲಿಯ ಮೇಲೆ ಎಸೆದಿರಿ. ಒಗೆಯಲೆಂದು ಎತ್ತಿಕೊಂಡಾಗ ಹರಳೆಣ್ಣೆ ಸುಟ್ಟ ವಾಸನೆ ಬಂತು. ತಲೆಗೆ ಹಚ್ಚುವ ಹರಳೆಣ್ಣೆಯದಲ್ಲ; ರೇಸಿನ ಇಂಜಿನ್ನಿಗೆಂದು ಹರಳಿನಿಂದಲೇ ಮಾಡುವ ಎಣ್ಣೆ ಒಳಗೇ ಕಾದು ಹೊಗೆಯಾದಾಗ ಬರುವ, ಸ್ವಲ್ಪ ಸಿಹಿ, ಸ್ವಲ್ಪ ಕಮಟು ವಾಸನೆ. ಅಂಗಿಯನ್ನು ನೀರಿಗೆ ಹಾಕಲು ಮನಸ್ಸಾಗದೆ ಬಚ್ಚಲ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಅಷ್ಟರಲ್ಲಿ ನೀವು ಬಂದಿರಿ. “ಅಜ್ಜಿ, ಇಂಜಿನ್ ವಾಸಣ್ಣ ಅಂದ್ರೆ ನಿನ್ನ ಚಿಕ್ಕಪ್ಪನಂತೆ, ಹೌದಾ? ಅಲ್ಲಿ ಎಲ್ರೂ ಅವರ ಸುದ್ದೀನೇ ಹೇಳ್ತಿದ್ರು. ಬರೀ ಸದ್ದು ಕೇಳಿ ಇಂಜಿನ್ ಒಳಗಿರೋದೆಲ್ಲ ಹೇಳಿಬಿಡ್ತಿದ್ರಂತೆ!” ನಾನು ಹೌದು ಎಂದೆ, ಅಷ್ಟೇ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬಾಳೂರಿನಲ್ಲಿ ರಸ್ತೆಗೆ ಮುಖ ಮಾಡಿದ ಒಂದು ತಗಡಿನ ಶೆಡ್ಡು, ಅದರ ಬೆನ್ನಿಗೆ ಒರಗಿಕೊಂಡಂತೆ ನಮ್ಮ ಮನೆ. ಅಡುಗೆಮನೆಗೂ ಶೆಡ್ಡಿಗೂ ನಡುವೆ ಒಂದೇ ಗೋಡೆ. ಆ ಕಡೆ ಇಂಜಿನ್ ಓಡಿದರೆ ಈ ಕಡೆ ಗೂಡಿನಲ್ಲಿದ್ದ ಹಿತ್ತಾಳೆ ಲೋಟಗಳು ಗುಂಯ್ ಎನ್ನುತ್ತಿದ್ದವು, ನನ್ನ ಅಜ್ಜಿ ಬೈಯುತ್ತಿದ್ದಳು. ಅಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುವವನು. ಶೆಡ್ಡು ಅಪ್ಪನ ತಮ್ಮ ವಾಸಣ್ಣನದು. ಮದುವೆಯಾಗದ ಮನುಷ್ಯ; ಅಜ್ಜಿಯ ಮಾತು ಮೀರಿದವನೂ ಅಲ್ಲ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರಿನ ಇಂಜಿನ್, ಕಳಸದ ಬಾಡಿಗೆ ಜೀಪು, ನೀರೆತ್ತುವ ಪಂಪು, ಎಲ್ಲ ರಿಪೇರಿಗೂ ಅವನೇ. ಆದರೆ ಅವನ ಹೆಸರು ಹಬ್ಬಿದ್ದು ರೇಸಿನ ಬೈಕುಗಳಿಂದ. ಎರಡು ಬೈಕುಗಳನ್ನು ಅಕ್ಕಪಕ್ಕ ನಿಲ್ಲಿಸಿ ನೆಟ್ಟಗೆ ಓಡಿಸುವ ಪಂದ್ಯ, ಈಗ ನೀವು ಡ್ರ್ಯಾಗ್ ರೇಸ್ ಎನ್ನುತ್ತೀರಲ್ಲ, ಅದು. ಉಸಿರು ಬಿಗಿ ಹಿಡಿದು ಬಿಡುವುದರೊಳಗೆ ಮುಗಿದುಹೋಗುತ್ತದೆ. ಅಷ್ಟಕ್ಕಾಗಿ ಚಿಕ್ಕಪ್ಪ ಒಂದೊಂದು ಇಂಜಿನ್ನನ್ನು ಇಡೀ ಮಳೆಗಾಲ ಬಿಚ್ಚಿ, ಉಜ್ಜಿ, ಕಟ್ಟುತ್ತಿದ್ದ. ಅವನ್ನು ಓಡಿಸಿ ಗೆಲ್ಲುತ್ತಿದ್ದವರು ಅಪ್ಪ ಕೆಲಸ ಮಾಡುತ್ತಿದ್ದ ಎಸ್ಟೇಟಿನ ಚಿಕ್ಕ ಸಾವ್ಕಾರ್ರು, ಕೀರ್ತಿಯವರು.

ಶಾಲೆಯಿಂದ ಬಂದವಳೇ ನಾನು ಶೆಡ್ಡಿಗೆ ಹೋಗುತ್ತಿದ್ದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಊರಿ, ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕೇಳುವುದನ್ನು ಚಿಕ್ಕಪ್ಪ ನನಗೆ ಕಲಿಸಿದ. ಆ ಗದ್ದಲದೊಳಗೆ ಒಂದು ಸಣ್ಣ ಸದ್ದಿರುತ್ತದೆ, ಗಾಜಿನ ಬಳೆಗೆ ಉಗುರು ತಾಗಿದ ಹಾಗೆ. ಅದು ಕೇಳಿಸಿತೆಂದರೆ ಪೆಟ್ರೋಲು ಸಾಲದೆ ಇಂಜಿನ್ ಒಳಗೊಳಗೇ ಸುಡುತ್ತಿದೆ ಎಂದು ಅರ್ಥ. ಮೊದಮೊದಲು ಅವನು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅವನಿಗೆ ಅದು ಕೇಳಿಸುತ್ತಿರಲೇ ಇಲ್ಲ. ವರ್ಷಗಟ್ಟಲೆ ಇಂಜಿನ್ನಿನ ಬಾಯಿಗೆ ಕಿವಿ ಕೊಟ್ಟು, ಮಾತು ಕೇಳಿಸುವಷ್ಟು ಮಾತ್ರ ಉಳಿದು, ಸಣ್ಣ ಸದ್ದುಗಳೆಲ್ಲ ಅವನ ಪಾಲಿಗೆ ಸತ್ತುಹೋಗಿದ್ದವು. “ಯಾರಿಗೂ ಹೇಳ್ಬೇಡ ಪುಟ್ಟಿ. ಕಿವಿ ಹೋದ್ರೆ ನಂದು ಎಲ್ಲ ಹೋದಂಗೆ” ಎಂದಿದ್ದ. ಜನ ಇದ್ದಾಗ ಸ್ಕ್ರೂಡ್ರೈವರ್ ಅವನ ಕಿವಿಯಲ್ಲೇ ಇರುತ್ತಿತ್ತು. ನಾನು ಹಿಂದೆ ನಿಂತು ಬಗ್ಗಿ ಬರಿಗಿವಿಯಲ್ಲೇ ಕೇಳುತ್ತಿದ್ದೆ, ಸದ್ದು ಬಂದರೆ ಅವನ ಬೆನ್ನಿಗೆ ಹೆಬ್ಬೆರಳು ಒತ್ತುತ್ತಿದ್ದೆ. ಚಿಕ್ಕಪ್ಪ ತಲೆ ಎತ್ತಿ, “ಇನ್ನೂ ಸ್ವಲ್ಪ ಪೆಟ್ರೋಲ್ ಬೇಕು ಇದಕ್ಕೆ” ಎನ್ನುತ್ತಿದ್ದ. ನೋಡುವವರು ಬೆರಗಾಗುತ್ತಿದ್ದರು. ನನಗೂ ಹೆಮ್ಮೆಯೇ. ಆ ಮನೆಯಲ್ಲಿ ನನ್ನಿಂದ ಒಂದು ಉಪಯೋಗವಿದೆ ಎಂದು ತಿಳಿದಿದ್ದವನು ಅವನೊಬ್ಬನೇ.

ಆ ವರ್ಷ ದೊಡ್ಡ ಪಂದ್ಯ ಘಟ್ಟದ ಕೆಳಗೆ, ಸಮುದ್ರದ ಹತ್ತಿರ, ಹಿಂದೆ ವಿಮಾನ ಇಳಿಯುತ್ತಿದ್ದ ಮೈದಾನದಲ್ಲಿ. ನಮ್ಮ ಬೆಟ್ಟದಲ್ಲಿ ಗಾಳಿ ತೆಳು. ಇಲ್ಲಿ ಸರಿಯಾಗಿ ಓಡುವ ಇಂಜಿನ್ನಿಗೆ ಕೆಳಗಿನ ದಪ್ಪ ಗಾಳಿಯಲ್ಲಿ ಪೆಟ್ರೋಲು ಸಾಲುವುದಿಲ್ಲ. ಪೆಟ್ರೋಲು ಬಿಡುವ ಹಿತ್ತಾಳೆಯ ಜೆಟ್ಟನ್ನು ಅಲ್ಲಿಗೆ ಹೋದ ಮೇಲೆ ಬದಲಿಸಬೇಕು, ಯಾವ ತೂತಿನದು ಸರಿ ಎಂದು ಅಲ್ಲಿಯೇ ಕೇಳಿ ನೋಡಬೇಕು. ಅದಕ್ಕೆ ನಾನು ಬೇಕಿತ್ತು. ಆದರೆ ಹಿಂದಿನ ತಿಂಗಳಷ್ಟೇ ನಾನು ದೊಡ್ಡವಳಾಗಿದ್ದೆ. ಕೀರ್ತಿಯವರ ಜೀಪು ಅಂಗಳಕ್ಕೆ ಬಂದು ನಿಂತ ಬೆಳಿಗ್ಗೆ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

“ಮೈ ನೆರೆದ ಹುಡುಗೀನ ಗಂಡಸರ ಜೀಪಲ್ಲಿ ಘಟ್ಟ ಇಳಿಸ್ತೀಯೇನೋ? ಬುದ್ಧಿ ನೆಟ್ಟಗಿದ್ಯಾ ನಿಂಗೆ?”

“ನನ್ ಜೊತೇಲೇ ಇರ್ತಾಳೆ ಕಣವ್ವ” ಎಂದ ಚಿಕ್ಕಪ್ಪ, ಮೆಲ್ಲಗೆ.

“ಅಲ್ಲಿ ಅವಳಿಗೇನು ಕೆಲ್ಸ? ಬೈಕ್ ಬಿಡ್ತಾಳಾ?”

ಜೀಪಿನಲ್ಲಿ ಕೂತಿದ್ದ ಕೀರ್ತಿಯವರು, “ಇಂಜಿನ್ನಿಗೆ ದೃಷ್ಟಿ ತೆಗೆಯೋಕೆ ಇರ್ಬೇಕು ಅಮ್ಮ” ಎಂದರು. ಎಲ್ಲರೂ ನಕ್ಕರು. ಚಿಕ್ಕಪ್ಪ ನೆಲ ನೋಡುತ್ತಿದ್ದ. ಅವನೇ ಹೇಳುತ್ತಾನೆ ಎಂದು ಕಾದೆ. ಹೇಳಲಿಲ್ಲ. ಇಂಜಿನ್ ಸುಟ್ಟುಹೋದರೆ ಅವನ ಗತಿ ಏನು ಎಂದು ಹೆದರಿ, ಜನರೆದುರು ಎಂದೂ ಬಾಯಿ ಬಿಡದ ನಾನು ಅಂದು ಬಿಟ್ಟೆ: “ಚಿಕ್ಕಪ್ಪಂಗೆ ಆ ಸದ್ದು ಕೇಳ್ಸಲ್ಲ ಅಜ್ಜಿ. ನಾನೇ ಕೇಳಿ ಹೇಳೋದು.”

ಎಲ್ಲರೂ ಚಿಕ್ಕಪ್ಪನ ಕಡೆ ತಿರುಗಿದರು. ಆಮೇಲೆ ಚಿಕ್ಕಪ್ಪ ಜೋರಾಗಿ ನಕ್ಕ. “ಕೇಳಿದ್ರಾ ಮಾರಾಯ್ರೆ, ನಾನು ಕಿವುಡನಂತೆ! ರೇಸ್ ನೋಡೋ ಆಸೇಗೆ ಎಂಥ ಕತೆ ಕಟ್ತಾಳೆ ನೋಡಿ.” ಅಜ್ಜಿ ರಟ್ಟೆ ಹಿಡಿದು ನನ್ನನ್ನು ಒಳಗೆ ದಬ್ಬಿದಳು. ಜೀಪು ಹೊರಟುಹೋಯಿತು. ಅಂದಿನಿಂದ ಆ ಮನೆಯಲ್ಲಿ ನಾನು ಸುಳ್ಳಿ.

ಮರುದಿನ ಸಂಜೆ ಅವರು ವಾಪಸು ಬಂದರು. ಮೊದಲ ಓಟ ಗೆದ್ದಿದ್ದರಂತೆ. ಎರಡನೆಯದರಲ್ಲಿ ಅರ್ಧ ದಾರಿಗೇ ಹೊಗೆ ಎದ್ದು ಬೈಕು ನಿಂತಿತಂತೆ. ಪಿಸ್ಟನ್ನಿನ ತಲೆ ಕರಗಿ ತೂತಾಗಿತ್ತು. “ಆ ಊರಿನ ಪೆಟ್ರೋಲೇ ಕಲಬೆರಕೆ, ವಾಸಣ್ಣನ ತಪ್ಪಿಲ್ಲ” ಎಂದರು ಕೀರ್ತಿಯವರು. ಚಿಕ್ಕಪ್ಪ “ಹೂಂ” ಎಂದ. ಶೆಡ್ಡಿನ ಬೆಂಚಿನ ಮೇಲೆ ಬಿಚ್ಚಿಟ್ಟಿದ್ದ, ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗಿನ ತುದಿ ಸುಣ್ಣದಷ್ಟು ಬೆಳ್ಳಗಿತ್ತು. ಪೆಟ್ರೋಲು ಸಾಲದೆ ಸುಟ್ಟರೆ ಪ್ಲಗ್ಗು ಹಾಗೆ ಬೆಳ್ಳಗಾಗುತ್ತದೆ ಎಂದು ಕಲಿಸಿದ್ದವನು ಅವನೇ. ನಾನು ಅದನ್ನು ನೋಡಿದ್ದನ್ನು ಅವನು ನೋಡಿದ, ತೆಗೆದು ಜೇಬಿಗೆ ಹಾಕಿಕೊಂಡ. ಮಾರನೆಯ ದಿನ ಶಾಲೆ ಬಿಟ್ಟು ಶೆಡ್ಡಿಗೆ ಹೋದರೆ, ಮುಖ ಎತ್ತದೆಯೇ, “ದೊಡ್ಡವಳಾದ್ಯಲ್ಲ, ಇನ್ನು ಇಲ್ಲಿಗೆಲ್ಲ ಬರ್ಬೇಡ. ಒಳಗೆ ಹೋಗು” ಎಂದ. ಅಜ್ಜಿ ದಬ್ಬಿದ್ದನ್ನು ಎಂದೋ ಮರೆತೆ. ಇದನ್ನು ಮರೆಯಲು ಆಗಲಿಲ್ಲ, ಮಕ್ಕಳೇ.

ಆಮೇಲೆ ಅವನು ರೇಸಿನ ಇಂಜಿನ್ ಮುಟ್ಟಲಿಲ್ಲ. ಬೇಸರ ಬಂತು ಎನ್ನುತ್ತಿದ್ದ. ದೊಡ್ಡ ಮನುಷ್ಯ, ಹೆಸರಿದ್ದಾಗಲೇ ಬಿಟ್ಟ ಎಂದು ಜನ ಹೊಗಳಿದರು. ನನ್ನನ್ನು ಜಾವಳಿ ಊರಿಗೆ ಮದುವೆ ಮಾಡಿ ಕೊಟ್ಟರು. ನಿಮ್ಮ ಅಜ್ಜ ಒಳ್ಳೆಯವರೇ. ಆದರೆ ಗದ್ದೆಯ ಪಂಪು ಮುಕ್ಕರಿಸುವಾಗ ನಾನು ಒಲೆಯ ಮುಂದೆ ಕೂತೇ ಅದರ ರೋಗ ತಿಳಿಯುತ್ತಿದ್ದೆ, ಅವರು ಮೆಕ್ಯಾನಿಕ್ಕನನ್ನು ಕರೆತರಲು ಬಣಕಲ್ಲಿಗೆ ಹೋಗುತ್ತಿದ್ದರು. ಒಮ್ಮೆ ಹೇಳಿದೆ, ನಕ್ಕರು. ಮತ್ತೆ ಹೇಳಲಿಲ್ಲ. ಅಜ್ಜಿ ಹೋದಳು, ಅಪ್ಪ ಅವ್ವ ಹೋದರು. ಶೆಡ್ಡು ಕಿತ್ತು, ಗೋಡೆ ಒಡೆದು, ಈಗ ಅಲ್ಲಿ ಹೋಂಸ್ಟೇಗೆ ಬಂದವರ ಕಾರುಗಳು ನಿಲ್ಲುತ್ತವೆ.

ಚಿಕ್ಕಪ್ಪ ಕೊನೆಯ ವರ್ಷಗಳಲ್ಲಿ ಪೂರ್ತಿ ಕಿವುಡನಾಗಿದ್ದ. ವಯಸ್ಸಾಯಿತಲ್ಲ ಎಂದುಕೊಂಡರು. ನೋಡಲು ಹೋದಾಗಲೆಲ್ಲ ನನ್ನ ಕೈ ಹಿಡಿದುಕೊಂಡು ಸುಮ್ಮನೆ ಕೂರುತ್ತಿದ್ದ. ಒಂದು ಮಾತು ಹೇಳುತ್ತಾನೇನೋ ಎಂದು ಪ್ರತಿ ಸಲ ಕಾದು ಎದ್ದು ಬರುತ್ತಿದ್ದೆ. ಅವನ ತಿಥಿಯ ಊಟಕ್ಕೆ ಘಟ್ಟದ ಹಳೆಯ ರೇಸಿನವರೆಲ್ಲ ಬಂದಿದ್ದರು. ತಲೆ ನರೆತ ಕೀರ್ತಿಯವರು ಪಂಕ್ತಿಯಲ್ಲಿ ಕೂತು, “ಇಂಜಿನ್ ಯಾರಾದ್ರೂ ಕಟ್ತಾರೆ ಮಾರಾಯ್ರೆ. ವಾಸಣ್ಣನ ಆ ಕಿವಿ ಇತ್ತಲ್ಲ, ಅದು ಇನ್ನೊಬ್ಬರಿಗೆ ಬರಲ್ಲ” ಎಂದರು. ಎಲ್ಲರೂ ಹೌದು ಹೌದು ಎಂದರು. ನಾನು ಪಾಯಸ ಬಡಿಸುತ್ತ ಅವರ ಎಲೆಯ ಮುಂದೆ ಬಗ್ಗಿ ನಿಂತಿದ್ದೆ. ಅವರು ಮಾತು ನಿಲ್ಲಿಸದೆ, ನನ್ನ ಮುಖವನ್ನೂ ನೋಡದೆ, ಎಲೆಯ ಮೇಲೆ ಕೈ ಅಡ್ಡ ಹಿಡಿದು, “ಸಾಕಮ್ಮ, ಸಾಕು” ಎಂದರು. ನಾನು ಮುಂದಿನ ಎಲೆಗೆ ಹೋದೆ.