ಗಡಿ ದಾಟುತ್ತಿದ್ದ ರಾಜಣ್ಣನ ಚೀಟಿ

ಕೇರಳ ಗಡಿಯಲ್ಲಿ ಭಯೋತ್ಪಾದಕರ ಪತ್ತೆಗೆ ತಪಾಸಣೆ ಹೇಗೆ ನಡೆದಿದೆ ಅಂತ ನೋಡಲು ಶಾಸಕರ ಸಮಿತಿಯೊಂದು ಎಚ್.ಡಿ. ಕೋಟೆ ಕಡೆಯ ಚೆಕ್‌ಪೋಸ್ಟಿಗೆ ಬಂದಿತ್ತು. ಅವರ ಮಾತುಕತೆ ಬರೆದುಕೊಳ್ಳುವುದು ನನ್ನ ಕೆಲಸ. ಅಲ್ಲಿನ ಅಧಿಕಾರಿ ಟ್ಯಾಬ್ ತೋರಿಸಿ, "ಉಗ್ರರ ಪಟ್ಟಿಯಲ್ಲಿರೋ ಹೆಸರು ಬಂದ್ರೆ ಕೂಗುತ್ತೆ ಸಾರ್. ಕೇರಳದವರಿಗೂ ಆ ಕ್ಷಣವೇ ಮಾಹಿತಿ ಹೋಗುತ್ತೆ" ಅಂದರು.

ಅಷ್ಟರಲ್ಲಿ ಶುಂಠಿ ಮೂಟೆ ತುಂಬಿದ ಪಿಕಪ್ ಬಂತು. ಪೇದೆ ಚಾಲಕನ ಹೆಸರು ಒತ್ತಿದ್ದೇ ತಡ, ಟ್ಯಾಬ್ ಕೂಗಿಕೊಂಡಿತು. ಶಾಸಕರೊಬ್ಬರು ಮೆಲ್ಲಗೆ ನನ್ನ ಬೆನ್ನ ಹಿಂದೆ ಸರಿದರು.

ಚಾಲಕನೇ ಇಳಿದು ಬಂದು ಸಮಾಧಾನ ಹೇಳಿದ: "ಎದ್ರುಕೋಬ್ಯಾಡಿ ಸಾ, ನಾನು ಅಂತರಸಂತೆ ರಾಜಣ್ಣ ಕಣ್ರೀ. ಅದ್ಯಾವನೋ ಉಗ್ರ ನನ್ನೆಸ್ರು ಇಟ್ಕೊಂಡವ್ನಂತೆ. ಎರಡು ವರ್ಸದಿಂದ ಇದು ಇಂಗೇ ಕೂಗ್ತದೆ, ನಾನು ಮಾರ್ಕೆಟ್ಟಿಗೆ ತಡವಾಗೇ ಓಗ್ತೀನಿ."

ಪೇದೆ ಎಂದಿನಂತೆ 'ಇವನು ಅವನಲ್ಲ' ಅಂತ ಚೀಟಿ ಬರೆದು ಅವನ ಕೈಗಿಟ್ಟ.

"ಇದ್ಯಾಕೆ?" ಎಂದು ಸಮಿತಿಯ ಅಧ್ಯಕ್ಷೆ ಕೇಳಿದರು.

"ಆಚೆ ಚೆಕ್‌ಪೋಸ್ಟ್‌ನೋರ್ಗೆ ಅಮ್ಮಾ. ಅವರ ಮಿಸನ್ನೂ ಕೂಗ್ತದಲ್ಲ? ಇವರ ಮಾತು ಅವರಿಗೆ ನಾನೇ ಮುಟ್ಟುಸ್ಬೇಕು."

ಬರೆಯಬೇಡಿ ಅಂತ ಅಧಿಕಾರಿ ನನಗೆ ಸನ್ನೆ ಮಾಡಿದರು. "ಒಂದಕ್ಷರವೂ ಬಿಡಬೇಡಿ" ಅಂದರು ಅಧ್ಯಕ್ಷೆ.

ವರದಿ ಸದನದ ಮುಂದೆ ಹೋಯಿತು. ಕೆಲವು ತಿಂಗಳಲ್ಲಿ, ರಾಜಣ್ಣ ಆ ಉಗ್ರನಲ್ಲ ಅಂತ ಎರಡೂ ಕಡೆಯ ಯಂತ್ರಗಳು ಒಪ್ಪಿಕೊಂಡವು. ರಾಜಣ್ಣನಿಗೆ ಫೋನ್ ಮಾಡಿ ತಿಳಿಸಿದೆ. ಅವನಿಗೆ ತುಂಬಾ ಖುಷಿಯಾಯಿತು. ಆಮೇಲೆ ಸ್ವಲ್ಪ ಯೋಚಿಸಿ ಕೇಳಿದ:

"ಅಲ್ಲ ಸಾ, ಇನ್ಮ್ಯಾಕೆ ನನ್ ಚೀಟಿ ಇಲ್ದೆ ಆ ಎರಡು ಚೆಕ್‌ಪೋಸ್ಟ್‌ನೋರ್ಗೂ ಮಾತುಕತೆ ಎಂಗೆ?"

ಅಷ್ಟು ಜನರ ಸಮಿತಿಯಲ್ಲಿ ಯಾರಿಗೂ ಹೊಳೆಯದಿದ್ದ ಪ್ರಶ್ನೆ ಅದು.