ಮಳೆಯಲ್ಲಿ ನೆನೆಯಬಾರದ ಬೋರ್ಡು

ನಮ್ಮ ಕಡೆಯವರಿಗೆ ಒಂದು ರೋಗ ಇದೆ. ಚೆಂದದ ವಸ್ತು ಕೈಗೆ ಬಂದರೆ ಸಾಕು, ಮುಚ್ಚಿಡಬೇಕು. ಸೋಫಾ ತಂದರೆ ಅಂಗಡಿಯ ಪ್ಲಾಸ್ಟಿಕ್ ಕವರು ಹರಿದು ಚಿಂದಿಯಾಗುವವರೆಗೂ ತೆಗೆಯುವುದಿಲ್ಲ. ಟೀವಿ ರಿಮೋಟಿಗೆ ಪ್ಲಾಸ್ಟಿಕ್ ಚೀಲ, ಆ ಚೀಲಕ್ಕೊಂದು ರಬ್ಬರ್ ಬ್ಯಾಂಡು. ನಮ್ಮಮ್ಮ ಮದುವೆಯಲ್ಲಿ ಬಂದ ಗಾಜಿನ ಲೋಟಗಳನ್ನು ಇವತ್ತಿಗೂ ಅಟ್ಟದ ಮೇಲೆ ಪೇಪರಿನಲ್ಲಿ ಸುತ್ತಿಟ್ಟಿದ್ದಾಳೆ. ನಾವು ನೀರು ಕುಡಿಯುವುದು ಸೊಟ್ಟಗಾದ ಸ್ಟೀಲ್ ಲೋಟದಲ್ಲಿ. ಇದನ್ನೆಲ್ಲ ನೋಡಿ ನಗುತ್ತಲೇ ಬೆಳೆದವಳು ನಾನು. ಅದೇ ರೋಗ ಒಂದು ದಿನ ನನ್ನ ಬುಡಕ್ಕೇ ಬರುತ್ತದೆ ಅಂತ ಕನಸಲ್ಲೂ ಎಣಿಸಿರಲಿಲ್ಲ.

ನನ್ನ ಕೆಲಸ ಮರದ ಬೋರ್ಡು ಮಾಡುವುದು. ಶಿರಸಿಯಲ್ಲಿ ಯಲ್ಲಾಪುರ ರಸ್ತೆಯ ಬದಿಗೆ ನನ್ನದೊಂದು ತಗಡಿನ ಶೆಡ್ಡು ಇದೆ. ಹುಬ್ಬಳ್ಳಿಯ ಒಂದು ಗಾಜಿನ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಗಾಜಿಗೆ ಮರಳು ಹೊಡೆದು ಹೂಬಳ್ಳಿ ಮೂಡಿಸುವುದನ್ನು ಕಲಿತಿದ್ದೆ. ಊರಿಗೆ ಬಂದ ಮೇಲೆ ಅದನ್ನೇ ಮರಕ್ಕೆ ಮಾಡಿ ನೋಡಿದೆ. ಹಲಗೆಯ ಮೇಲೆ ದಪ್ಪ ರಬ್ಬರ್ ಹಾಳೆ ಅಂಟಿಸಬೇಕು. ಅದರ ಮೇಲೆ ಅಕ್ಷರ ಬರೆದು, ಚೂರಿಯಲ್ಲಿ ಕೊಯ್ದು, ಅಕ್ಷರದ ರಬ್ಬರು ಮಾತ್ರ ಉಳಿಸಿಕೊಂಡು ಸುತ್ತಲಿನದನ್ನು ಕಿತ್ತು ಹಾಕಬೇಕು. ಆಮೇಲೆ ಕಂಪ್ರೆಸರಿನ ಗಾಳಿಯಲ್ಲಿ ಮರಳು ಹೊಡೆಯುವುದು. ಬೋಳಾದ ಜಾಗದ ಮರವನ್ನು ಮರಳು ತಿನ್ನುತ್ತದೆ, ರಬ್ಬರಿನಡಿಯ ಅಕ್ಷರ ಹಾಗೇ ಉಬ್ಬಿ ನಿಲ್ಲುತ್ತದೆ. ಗಾಳಿಯ ಪೈಪು ಇರುವ ದೊಡ್ಡ ಹೆಲ್ಮೆಟ್ಟು ತೊಟ್ಟು ನಾನು ಶೆಡ್ಡಿನಿಂದ ಹೊರಗೆ ಬಂದರೆ ನಮ್ಮ ಮನೆಯ ನಾಯಿಯೇ ನನ್ನನ್ನು ನೋಡಿ ಬೊಗಳುತ್ತದೆ.

ಅಪ್ಪ ಪೇಂಟರ್. ಒಂದು ಕಾಲಕ್ಕೆ ದಾಸನಕೊಪ್ಪದಿಂದ ಯಲ್ಲಾಪುರದವರೆಗೆ ಅಂಗಡಿ ಬೋರ್ಡು ಅಂದರೆ ಅಪ್ಪನ ಅಕ್ಷರ. ಬಸ್ಸಿನ ಕಿಟಕಿಯಿಂದ "ಇದು ನಂದು, ಅಗೋ ಅದೂ ನಂದು" ಅಂತ ನನಗೆ ತೋರಿಸುತ್ತಿದ್ದ. ಆಮೇಲೆ ಫ್ಲೆಕ್ಸ್ ಬಂತು. ಅಪ್ಪ ಬರೆದ ಬೋರ್ಡಿನ ಮೇಲೇ ಅಂಗಡಿಯವರು ಫ್ಲೆಕ್ಸ್ ಇಟ್ಟು ಮೊಳೆ ಹೊಡೆದರು. ಅಪ್ಪ ಜಗಳ ಆಡಲಿಲ್ಲ, ಬ್ರಷ್ಷುಗಳನ್ನು ಸೀಮೆಎಣ್ಣೆ ಡಬ್ಬಿಯಲ್ಲೇ ಬಿಟ್ಟುಬಿಟ್ಟ. ಎಣ್ಣೆ ಆರಿತು, ಬ್ರಷ್ಷಿನ ಕೂದಲು ಕಲ್ಲಾಯಿತು. ಈಗ ಬೆಳಿಗ್ಗೆ ಮನೆಮನೆಗೆ ಹಾಲಿನ ಪ್ಯಾಕೆಟ್ ಹಾಕಿ ಬಂದರೆ ಮುಗಿಯಿತು, ಜಗಲಿಯಲ್ಲಿ ಪೇಪರ್ ಹಿಡಿದು ಕೂತುಬಿಡುತ್ತಾನೆ. "ಬ್ರಷ್ ಹಿಡಿಯಪ್ಪಾ" ಅಂದರೆ "ಕೈ ನಡುಗ್ತದೆ ಮಾರಾಯ್ತಿ" ಅನ್ನುತ್ತಾನೆ. ಶುದ್ಧ ಸುಳ್ಳು! ತುಂಬಿದ ಚಹಾ ಲೋಟವನ್ನು ಅದೇ ಕೈಯಲ್ಲಿ ಒಂದು ಹನಿ ಚೆಲ್ಲದೆ ತರುವ ಮನುಷ್ಯ ಅವನು. ಅಪ್ಪ ಮತ್ತೆ ಬ್ರಷ್ ಹಿಡಿಯಬೇಕು ಅನ್ನುವುದು ನನ್ನ ಹಠ. ನಾನು ಶೆಡ್ಡು ಹಾಕಿದ್ದೇ ಅದಕ್ಕೆ ಅಂದರೂ ತಪ್ಪಿಲ್ಲ.

ಹೀಗಿರುವಾಗ ಸಿದ್ದಾಪುರ ತಾಲೂಕಿನ ಮನ್ಮನೆ ಕಡೆಯ ಒಬ್ಬ ಅಮ್ಮ ಹುಡುಕಿಕೊಂಡು ಬಂದರು. ರಸ್ತೆ ಬದಿಯಲ್ಲಿ ಸೊಸೆಯ ಜೊತೆ ಸೇರಿ ಅಂಗಡಿ ಇಡುತ್ತಿದ್ದಾರಂತೆ. ಮನೆಯಲ್ಲೇ ಮಾಡಿದ ಹಪ್ಪಳ, ಮಿಡಿ ಉಪ್ಪಿನಕಾಯಿ, ಮತ್ತೆ ನಮ್ಮ ಕಡೆಯ ತೊಡದೇವು, ಅದೇ ಕಾಗದದಷ್ಟು ತೆಳ್ಳಗಿನ ಸಿಹಿ. ಹಳೇ ಬಾಗಿಲಿನ ಸಾಗವಾನಿ ಹಲಗೆ ಅವರೇ ತಂದಿದ್ದರು. "ದಾರಿಮೇಲೆ ಹೋಗೋರು ಗಾಡಿ ನಿಲ್ಲಿಸ್ಬೇಕು ತಂಗೀ, ಹಂಗೆ ಮಾಡಿಕೊಡು" ಅಂದರು. ನಮ್ಮ ಜೊತೆ ಪೇಟೆಯ ಕನ್ನಡ ಆಡಿದರೂ ಖುಷಿಯಾದರೆ ಮನೆಮಾತಿಗೆ ಜಾರುವ ಹೆಂಗಸು. "ಅಕ್ಷರ ನಿಮ್ಮ ಅಪ್ಪಂದೇ ಆಗಬೇಕು, ನನ್ನ ತವರಿನ ಅಕ್ಕಿ ಗಿರಣಿಯ ಬೋರ್ಡು ಅವರೇ ಬರೆದದ್ದು" ಅಂದರು ನೋಡಿ, ನನಗೆ ಅವರ ಕಾಲಿಗೆ ಬೀಳೋಣ ಅನ್ನಿಸಿತು.

ಅಪ್ಪ ಪೆನ್ಸಿಲ್ ಹಿಡಿದ. ಬರೆದುಕೊಟ್ಟು "ನನ್ನ ಕೆಲಸ ಇಲ್ಲಿಗೆ ಮುಗೀತು" ಅಂದ. ನಾನು ಕೊಯ್ದೆ, ಮರಳು ಹೊಡೆದೆ. ರಬ್ಬರು ಸುಲಿದು ಧೂಳು ಕೊಡವಿದಾಗ ಅಪ್ಪ ಹತ್ತಿರ ಬಂದು ಬಗ್ಗಿ ನೋಡಿದ. ಮರದ ಮೆದು ಭಾಗವೆಲ್ಲ ಹೋಗಿ ಗಟ್ಟಿ ಗೆರೆಗಳು ಮಾತ್ರ ಎದ್ದು ನಿಂತಿದ್ದವು, ಅವುಗಳ ನಡುವೆ ಅಪ್ಪನ ಅಕ್ಷರ. "ಅಬ್ಬಾ, ಮರದ ಪಕ್ಕೆಲುಬು ಕಾಣ್ತದಲ್ಲೇ!" ಅಂದ. ಬೆರಳಿನಿಂದ 'ಹಪ್ಪಳ'ದ ಕೊನೆಯ ಅಕ್ಷರವನ್ನು ಸವರಿದ. ಮತ್ತೆ ಹೋಗಿ ಪೇಪರ್ ಹಿಡಿದ, ಪುಣ್ಯಾತ್ಮ.

ಈ ಕೆಲಸದಲ್ಲಿ ಮರಳು ಹೊಡೆಯುವುದು ಸುಲಭ, ಬಣ್ಣವೇ ಕಷ್ಟ. ಅಕ್ಷರದ ಮುಖಕ್ಕೆ ಒಂದು ಬಣ್ಣ, ಅದರ ಗೋಡೆಗೆ ಇನ್ನೊಂದು, ಹಿಂದಿನ ಗೆರೆಗಳಿಗೆ ಮತ್ತೊಂದು, ಎಲ್ಲ ಕೈಯಲ್ಲೇ ತುಂಬಬೇಕು. ನಾನು ಕೂತೆ. ನನ್ನ ಬ್ರಷ್ಷಿನಿಂದ ಕೆಂಪು ಬಣ್ಣ ಅಕ್ಷರದ ಗೋಡೆ ಇಳಿದು ಮರದ ಸಂದಿಗೆ ಹರಿಯಿತು. ಒರೆಸಿದೆ, ಇನ್ನಷ್ಟು ಹರಡಿತು. ಬೇಕಂತಲೇ ಹಾಳು ಮಾಡಿದೆ ಅಂತ ಅಪ್ಪ ಈಗಲೂ ಹೇಳುತ್ತಾನೆ, ದೇವರಾಣೆ ಹಾಗಲ್ಲ, ನನಗೆ ಬರುವುದೇ ಅಷ್ಟು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಪ್ಪನಿಗೆ ತಡೆಯಲಿಕ್ಕಾಗಲಿಲ್ಲ. "ಥೂ, ಎಂತಾ ಕರ್ಮ ಇದು! ಕೊಡಿಲ್ಲಿ!" ಅಂತ ಬ್ರಷ್ ಕಿತ್ತುಕೊಂಡ.

ಅಪ್ಪ ಕೆಲಸ ಮಾಡುವಾಗ ನಾನು ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಎಲ್ಲಿ ಮಾತಾಡಿಸಿ ಕೆಡಿಸಿಬಿಡುತ್ತೇನೋ ಅನ್ನುವ ಹೆದರಿಕೆ. ಮುಗಿದ ಮೇಲೆ ನೋಡಿದರೆ ಬೋರ್ಡು ಮಾತಾಡುತ್ತಿತ್ತು ಮಾರಾಯ್ರೇ! ಕೆನೆ ಬಣ್ಣದ ಅಕ್ಷರ, ಅಂಚಿಗೆ ಎಲೆಯಡಿಕೆ ತಿಂದ ತುಟಿಯ ಕೆಂಪು. ನನ್ನ ಕಣ್ಣಲ್ಲಿ ನೀರೇ ಬಂತು. ಅಪ್ಪ ಬ್ರಷ್ ತೊಳೆದು, ಒರೆಸಿ, ನನ್ನ ಕೈಗೆ ಕೊಟ್ಟು, "ಇದೊಂದೇ. ಇನ್ನು ನನ್ನ ಹತ್ರ ಕೇಳ್ಬೇಡ" ಅಂದ. ಕಣ್ಣೀರು ಅಲ್ಲೇ ಇಂಗಿ ಹೋಯಿತು.

ಮೇಲೆ ವಾರ್ನಿಷ್ ಕೊಟ್ಟು, ಹಿಂದೆ ಕೊಕ್ಕೆ ಹಾಕಿ ಅಂಗಡಿಗೆ ಮುಟ್ಟಿಸಿ ಬಂದೆ. ಸ್ವಲ್ಪ ದಿನ ಕಳೆದು, ಚಹಾ ಕುಡಿಯುತ್ತಿದ್ದ ಅಪ್ಪ ಎಲ್ಲೋ ನೋಡುತ್ತ, "ಆ ಬೋರ್ಡು ಹಾಕಿದ್ರಾ ಅವರು? ಒಂದ್ಸಲ ನೋಡ್ಕಂಡು ಬರಬಹುದಿತ್ತು" ಅಂದ. ತನ್ನ ಬೋರ್ಡು ನೋಡಲು ಅಪ್ಪ ಬಾಯಿಬಿಟ್ಟು ಕೇಳಿ ಯಾವ ಕಾಲವಾಗಿತ್ತು! ರಸ್ತೆಯಲ್ಲಿ ಅದು ತೂಗುವುದನ್ನು ಒಮ್ಮೆ ಕಂಡರೆ ಈ ಮನುಷ್ಯ ಮತ್ತೆ ಬ್ರಷ್ ಹಿಡಿದೇ ಹಿಡಿಯುತ್ತಾನೆ ಅಂತ ನನಗೆ ಗ್ಯಾರಂಟಿ ಆಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಸ್ಕೂಟರಿನ ಹಿಂದೆ ಕೂತ. ಸಿದ್ದಾಪುರ ರಸ್ತೆಯುದ್ದಕ್ಕೂ ನಾನು ಹಾಡು ಗುನುಗುತ್ತ ಗಾಡಿ ಬಿಟ್ಟೆ.

ಅಂಗಡಿ ಕಂಡಿತು. ಬೋರ್ಡೂ ಕಂಡಿತು. ಆದರೆ ಎಂತದೋ ಹೊಳೆಯುತ್ತಿತ್ತು, ಗಾಳಿಗೆ ಪಟಪಟ ಅನ್ನುತ್ತಿತ್ತು. ಸಾಗವಾನಿ ಹಲಗೆ ಯಾವಾಗ ಪಟಪಟ ಅಂದೀತು?

"ನಿಲ್ಲಿಸು" ಅಂದ ಅಪ್ಪ.

ಫ್ಲೆಕ್ಸ್! ನಮ್ಮ ಬೋರ್ಡಿನ ಫೋಟೋ ಹೊಡೆದು ಫ್ಲೆಕ್ಸ್ ಮಾಡಿಸಿದ್ದರು! ಅದೇ ಮರದ ಗೆರೆ, ಅದೇ ಕೆನೆ ಬಣ್ಣ, ಅದೇ ಅಕ್ಷರ, ಎಲ್ಲ ಪ್ಲಾಸ್ಟಿಕ್ಕಿನ ಮೇಲೆ. ಅಳತೆಗೆ ಹೊಂದಿಸಲು ಅಡ್ಡಕ್ಕೆ ಎಳೆದಿದ್ದರಿಂದ ಅಕ್ಷರಗಳಿಗೆಲ್ಲ ಬಾವು ಬಂದಿತ್ತು. 'ಳ'ದ ಹೊಟ್ಟೆ ಜಲೋದರ ಆದವರ ಹಾಗೆ. ಒಂದು ಮೂಲೆಯಲ್ಲಿ ಫೋಟೋ ತೆಗೆದವರ ಹೆಬ್ಬೆರಳು, ಇನ್ನೊಂದು ಮೂಲೆಯಲ್ಲಿ ಫ್ಲೆಕ್ಸ್‌ನವರು ಉಚಿತವಾಗಿ ಸೇರಿಸಿದ ಗುಲಾಬಿ ಹೂವು. ತಿರುಗಿ ಅಪ್ಪನ ಮುಖ ನೋಡಲು ಧೈರ್ಯ ಬರಲಿಲ್ಲ.

"ಬನ್ನಿ ಬನ್ನಿ ಪೇಂಟರ್ರೇ!" ಆ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದರು. "ನೋಡಿದ್ರಾ? ಎಷ್ಟ್ ಚೊಲೋ ಬೈಂದು!" ಎಷ್ಟು ಚೆನ್ನಾಗಿ ಬಂದಿದೆ ಅಂತ ಅವರ ಮಾತು.

"ಅಮ್ಮಾ, ನಮ್ಮ ಬೋರ್ಡೆಲ್ಲಿ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಕೈ ಹಿಡಿದು ಅಂಗಡಿಯ ಹಿಂದಿನ ಮನೆಯೊಳಗೆ ಕರೆದುಕೊಂಡು ಹೋದರು. ಅಕ್ಕಿ ಪೆಟ್ಟಿಗೆಯ ಮೇಲಿತ್ತು. ಪ್ಲಾಸ್ಟಿಕ್ ಬಿಚ್ಚಿದರು, ಅದರೊಳಗಿನ ಹಳೇ ಹತ್ತಿ ಸೀರೆ ಬಿಚ್ಚಿದರು, ತೊಟ್ಟಿಲಲ್ಲಿ ಮಲಗಿದ ಕೂಸನ್ನು ತೋರಿಸುವ ಹಾಗೆ ತೋರಿಸಿದರು. ಮೇಲೆ ಒಂದು ಕುಂಕುಮದ ಬೊಟ್ಟು ಬೇರೆ.

"ಇದನ್ನ ಹೊರಗೆ ಹಾಕ್ಲಿಕ್ಕೆ ಮಾಡಿದ್ದಲ್ವಾ?" ಅಂತ ಕೂಗಿದೆ. ಕೂಗಿದ್ದು ಹೌದು.

"ಅಯ್ಯ, ಇಷ್ಟ್ ಚೊಲೋ ವಸ್ತು ಯಾರಾದ್ರೂ ಮಳೇಲಿ ನೆನೆಸ್ತಾರಾ ತಂಗೀ?"

"ಮಳೆಗೆ ಏನೂ ಆಗೂದಿಲ್ಲ! ಮಳೆಗೆ ಅಂತಲೇ ವಾರ್ನಿಷ್ ಕೊಟ್ಟಿದ್ದು!"

"ಬಿಸಿಲು ಇಲ್ಯಾ?"

"ಬಿಸಿಲಿಗೂ ಆಗೂದಿಲ್ಲ!"

"ಮಂಗ?" ಅಂದರು ಅವರು, ಗೆದ್ದವರ ಹಾಗೆ. "ಮಂಗ ಬಂದು ಜೋತಾಡಿದ್ರೆ ಎಂತ ಮಾಡ್ತೆ?"

ಮಂಗಕ್ಕೆ ಯಾವ ವಾರ್ನಿಷ್ ಕೊಡುವುದು? ತಲೆ ಕೆಟ್ಟು ಮೊಸರುಗಡಿಗೆ ಆಗಿತ್ತು. ಈ ಹೆಂಗಸು ಅಪ್ಪನಿಗೆ ಅವಮಾನ ಮಾಡಿದ್ದಲ್ಲ, ಅವರ ಕಣ್ಣಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆಯೇ ಇಲ್ಲ ಅಂತ ಗೊತ್ತಾಗುತ್ತಿತ್ತು. ಗೊತ್ತಾದರೆ ಸಿಟ್ಟು ಇನ್ನೂ ಜಾಸ್ತಿ ಆಗುತ್ತದೆ. ಮುಗಿಯಿತು, ಇನ್ನು ಅಪ್ಪ ಪೆನ್ಸಿಲನ್ನೂ ಮುಟ್ಟುವುದಿಲ್ಲ ಅಂದುಕೊಂಡೆ. ಆಗ ಪಕ್ಕ ನೋಡಿದರೆ ಅಪ್ಪ ಇಲ್ಲ.

ಹೊರಗೆ ಓಡಿದೆ. ಅಪ್ಪ ಅಂಗಡಿಯ ಮುಂದೆ ಕತ್ತೆತ್ತಿ ಫ್ಲೆಕ್ಸ್ ನೋಡುತ್ತ ನಿಂತಿದ್ದ. ಮುಖ ಕೆಂಪಗಾಗಿತ್ತು. ಅಪ್ಪನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದೇ ಕಡಿಮೆ.

"ಇದು ನನ್ನ ಅಕ್ಷರವಾ?" ಅಂದ. "ಜನ ಇದನ್ನ ನೋಡಿ ನನ್ನ ಅಕ್ಷರ ಅಂತಾರಲ್ಲೇ!" ಆಮೇಲೆ ಆ ಅಮ್ಮನ ಕಡೆ ತಿರುಗಿ ಮೆತ್ತಗೆ ಕೇಳಿದ. "ಅಮ್ಮಾ, ನಿಮ್ಮಲ್ಲಿ ಏಣಿ ಇದ್ಯಾ?"

ಸೊಸೆ ಏಣಿ ತಂದಳು. ಹರಿದು ಹಾಕಲಿ, ಚಿಂದಿ ಚಿಂದಿ ಮಾಡಲಿ ಅಂತ ನಾನೇ ಹೋಗಿ ಏಣಿ ಹಿಡಿದೆ. ಅಪ್ಪ ಹತ್ತಲಿಲ್ಲ. ಸ್ಕೂಟರಿನ ಡಿಕ್ಕಿ ತೆಗೆಸಿದ. ಎಲ್ಲಾದರೂ ಗೀಚಿದ್ದರೆ ಹಚ್ಚಲು ನಾನು ಯಾವಾಗಲೂ ಒಯ್ಯುವ ಸಣ್ಣ ಬಣ್ಣದ ಡಬ್ಬಿಗಳು, ಬ್ರಷ್ಷುಗಳು ಅಲ್ಲಿದ್ದವು. ಅವನ್ನು ಚೀಲಕ್ಕೆ ಹಾಕಿ, ಹೆಗಲಿಗೇರಿಸಿ, ಇಸ್ತ್ರಿ ಅಂಗಿಯ ತೋಳು ಮಡಚಿ ಏಣಿ ಹತ್ತಿದ.

ಮೊದಲು ಆ ಹೆಬ್ಬೆರಳು ಬಣ್ಣದಡಿ ಹೋಯಿತು. ಆಮೇಲೆ ಗುಲಾಬಿ. ಆಮೇಲೆ ಹಿಂದಿನ ಮರದ ಕಂದು ಬಣ್ಣದಲ್ಲಿ 'ಳ'ದ ಹೊಟ್ಟೆಯನ್ನು ಒಳಗೆ ತಳ್ಳಿದ. ಒಂದೇ ಎಳೆತ. ಕೈ ಅಂಚಿನಿಂದ ಕೂದಲಷ್ಟೂ ಆಚೀಚೆ ಹೋಗಲಿಲ್ಲ. ನಾನು ಏಣಿ ಹಿಡಿದು ಕೆಳಗೆ ನಿಂತಿದ್ದೆ. ತನ್ನ ಅನ್ನ ಕಿತ್ತುಕೊಂಡ ಫ್ಲೆಕ್ಸಿನ ಮೇಲೆ ಅಪ್ಪ ಬ್ರಷ್ ಇಟ್ಟಿದ್ದ!

ನನಗೆ ಆ ಹೊತ್ತಿನಲ್ಲಿ ಹೊಳೆದದ್ದು ನೋಡಿ, ನನ್ನ ಬುದ್ಧಿಗಿಷ್ಟು. "ಅಪ್ಪಾ, ಫ್ಲೆಕ್ಸ್ ಮೇಲೆ ಆಯಿಲ್ ಪೇಂಟ್ ನಿಲ್ಲೂದಿಲ್ಲ! ಒಂದು ಮಳೆ ಬಂದ್ರೆ ಎಲ್ಲ ಸುಲಿದು ಬರ್ತದೆ!" ಅಂದೆ.

"ಗೊತ್ತುಂಟು" ಅಂದ ಅಪ್ಪ, ತಿರುಗಿಯೂ ನೋಡದೆ. "ಸುಲಿಲಿ. ಮತ್ತೆ ಬಂದು ಬರೀತೇನೆ."