ಎಲ್ಲೆಯಲ್ಲಿ ಹತ್ತು ಮಾರು

ನಿನ್ನೆ ಸಂಜೆ ಕಾರಿನ ಡಿಕ್ಕಿ ತೆರೆದ ನನ್ನ ಹೆಂಡತಿ, "ಏನ್ರೀ, ನಿಮ್ಮ ಕಾರಿಗೆ ನೆಗಡಿ ಆಗಿದೆಯಾ?" ಎಂದಳು. ತರಕಾರಿ ಚೀಲ ಇಡಬೇಕಾದ ಜಾಗದಲ್ಲಿ ಒಂದು ಗುದ್ದಲಿ, ಎಲೆ ಗೋರುವ ರೇಕು, ಅದರ ಹಲ್ಲುಗಳಿಗೆ ಸಿಕ್ಕಿಕೊಂಡ ಒಣ ಎಲೆಗಳು. ಶೀತಕ್ಕೆ ಹಚ್ಚುವ ಮುಲಾಮಿನ ಘಾಟು ಡಿಕ್ಕಿ ತುಂಬ ಇತ್ತು. ಮೈಸೂರು ಕಡೆಯವರಾದರೆ ನೀವು ಆ ಎಲೆಯ ಮರವನ್ನು ನೀಲಗಿರಿ ಮರ ಎನ್ನುತ್ತೀರಿ. ಊಟಿಗೆ ಬರುವ ಮೊದಲು ನಾನೂ ಹಾಗೇ ಅನ್ನುತ್ತಿದ್ದೆ. ಇಲ್ಲಿನವರಿಗೆ ಅದು ಕರ್ಪೂರದ ಮರ. ಹೆಸರು ಕೇಳಿದರೇ ಬೆಂಕಿಕಡ್ಡಿ ನೆನಪಾಗಬೇಕಿತ್ತು, ನನಗೆ ಆಗಲಿಲ್ಲ.

ನನ್ನದು ಊಟಿಯಲ್ಲಿ ಬಿತ್ತನೆ ಬೀಜ, ಗೊಬ್ಬರದ ಅಂಗಡಿ. ಇಪ್ಪತ್ತು ವರ್ಷ ಕ್ಯಾರೆಟ್ ಬೀಜ ತೂಗಿದ ಮೇಲೆ ಮನುಷ್ಯನಿಗೆ ಏನಾದರೂ ಒಂದು ಖಯಾಲಿ ಬೇಕಲ್ಲ? ಕಲ್ಲಟ್ಟಿ ಇಳಿಜಾರಿನಲ್ಲಿ ನಾಲ್ಕು ಎಕರೆ ಕರ್ಪೂರದ ಮರ, ಅಡಿಯಲ್ಲಿ ಆಳೆತ್ತರದ ಪೊದೆ, ಇದ್ದದ್ದನ್ನು ಇದ್ದಹಾಗೇ ಕೊಂಡೆ. ಗುಂಡ್ಲುಪೇಟೆಯಿಂದ ನೆಂಟರು ಬಂದರೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಅಲ್ಲಿಗೆ ಕರೆದೊಯ್ದು, "ಇದು ನನ್ನ ಕಾಡು" ಎನ್ನುತ್ತಿದ್ದೆ. "ತೋಟ" ಎಂದು ಯಾರಾದರೂ ಬಾಯಿ ತಪ್ಪಿ ಅಂದರೆ ತಿದ್ದುತ್ತಿದ್ದೆ. ತೋಟ ಯಾರ ಬಳಿ ಬೇಕಾದರೂ ಇರುತ್ತದೆ.

ನನ್ನ ಕಾಡಿನ ಕೆಳಗಡೆ ಘಾಟ್ ರಸ್ತೆಯ ತಿರುವು. ಮೇಲುಗಡೆ ಬೆಳ್ಳಿಯಕ್ಕನ ಮುಕ್ಕಾಲು ಎಕರೆ ಟೀ, ಅದರ ಮೇಲೆ ಅವರ ಹಟ್ಟಿ, ಸಾಲಾಗಿ ಅಂಟಿಕೊಂಡ ಮನೆಗಳು. ಬೆಳ್ಳಿಯಕ್ಕ ಈ ಬೆಟ್ಟದ ಬಡಗ ಜನದ ಹೆಂಗಸು, ಆಗಲೇ ಅರವತ್ತು ದಾಟಿದವರು. ಗಂಡ ಹೋದ ಮೇಲೆ ಒಬ್ಬರೇ ಸೊಪ್ಪು ಕಿತ್ತು ಫ್ಯಾಕ್ಟರಿ ಲಾರಿಗೆ ಹಾಕುತ್ತಿದ್ದರು. ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುವ ಅಭ್ಯಾಸ ಅವರದು. ಅಂಗಡಿಯಲ್ಲಿ ದಿನವಿಡೀ "ಸಾರ್" ಅನ್ನಿಸಿಕೊಳ್ಳುವ ನನಗೆ ಮೊದಮೊದಲು ಅದು ಚುರ್ ಎನ್ನುತ್ತಿತ್ತು.

ಮೊದಲ ಜನವರಿಯಲ್ಲೇ ಎಲ್ಲೆಯ ಆಚೆ ನಿಂತು ಕರೆದರು. "ತಮ್ಮಾ, ಹಿಮ ಬಿದ್ದು ಹುಲ್ಲೆಲ್ಲ ಸತ್ತಿದೆ ನೋಡು. ಎಲ್ಲೆ ಪಕ್ಕ ಹತ್ತು ಮಾರು ಕೆತ್ತಿಬಿಡು. ಕಿಚ್ಚು ಬಂದರೆ ಕೆಳಗಿಂದ ಮೇಲಕ್ಕೇ ಓಡೋದು. ಮೇಲಿರೋದು ಎಂಗ ಟೀ, ಎಂಗ ಹಟ್ಟಿ." ಎಂಗ ಅಂದರೆ ಅವರ ಮಾತಿನಲ್ಲಿ ನಮ್ಮ.

"ಮರ ಮುಟ್ಟಬೇಕಾದರೆ ಅನುಮತಿ ಬೇಕು ಅಕ್ಕ. ಆಫೀಸಿಗೆ ಅಲೆಯುವವರು ಯಾರು?"

"ಮರದ ಸುದ್ದಿ ಯಾರು ಎತ್ತಿದರು? ಕೆಳಗೆ ಬಿದ್ದಿರೋ ಸೊಪ್ಪು ಗೋರು ಅಂದೆ."

ಮರುವರ್ಷ ನನ್ನ ಬಳಿ ಇನ್ನೂ ಗಟ್ಟಿಯಾದ ಉತ್ತರವಿತ್ತು. ಬಿದ್ದ ಎಲೆ ಮಣ್ಣಿಗೆ ಗೊಬ್ಬರ, ಕಾಡನ್ನು ಗುಡಿಸಬಾರದು ಎಂದು ಗೊಬ್ಬರದ ಅಂಗಡಿಯವನೇ ಹೇಳಿದೆ. ಅದರ ಮರುವರ್ಷ, ಬೆಂಕಿ ಹಚ್ಚುವವರು ರಸ್ತೆಯಲ್ಲಿ ಸಿಗರೇಟು ಎಸೆಯುವ ಟೂರಿಸ್ಟುಗಳು, ಅವರನ್ನು ತಡೆಯುವುದು ಸರ್ಕಾರದ ಕೆಲಸ ಎಂದೆ. ಯಾವುದೂ ಪೂರ್ತಿ ಸುಳ್ಳಲ್ಲ ಎನ್ನುವುದೇ ನನ್ನ ಧೈರ್ಯ. ನಿಜ ಹೇಳಬೇಕೆಂದರೆ ಇನ್ನೊಬ್ಬರು ನನ್ನ ನೆಲದಲ್ಲಿ ಹೀಗೆ ಮಾಡು ಅನ್ನುವುದೇ ನನಗೆ ಹಿಡಿಸುತ್ತಿರಲಿಲ್ಲ.

ಎಲೆ ಆರಿಸುವ ದಂಪತಿಯ ಸಂಗತಿಯನ್ನೂ ಹೇಳಬೇಕು. ಉದುರಿದ ಎಲೆಯನ್ನು ಗೋಣಿಯಲ್ಲಿ ತುಂಬಿ ನೀಲಗಿರಿ ಎಣ್ಣೆ ತೆಗೆಯುವ ಭಟ್ಟಿಗೆ ಹಾಕುವ ಗಂಡ ಹೆಂಡತಿ, ಹಿಂದಿನ ಮಾಲೀಕನ ಕಾಲದಿಂದಲೂ ಬಂದುಹೋಗುತ್ತಿದ್ದವರು. ಒಂದು ಭಾನುವಾರ ನೆಂಟರ ಎದುರಿಗೇ ಪೊದೆಯಿಂದ ಎದ್ದುಬಂದರು. ನನಗೆ ಅವಮಾನವಾದಂತಾಯಿತು. ಕಾಡಿಗೆ ಯಜಮಾನ ಇದ್ದಾನೆ ಎಂದು ಗದರಿ ಓಡಿಸಿ, ಸುತ್ತ ಮುಳ್ಳುತಂತಿ ಎಳೆಸಿ, ರಸ್ತೆ ಕಡೆ ಗೇಟಿಗೆ ಬೀಗ ಜಡಿದೆ. ಮೂರು ಬೇಸಿಗೆ ಎಲೆ ಬಿದ್ದಲ್ಲೇ ಬಿದ್ದಿತು. ಮೇಲೆ ನಡೆದರೆ ಹಾಸಿಗೆಯ ಮೇಲೆ ನಡೆದಹಾಗೆ ಕಾಲು ಹೂತುಹೋಗುತ್ತಿತ್ತು. ಅದನ್ನೂ ನೆಂಟರಿಗೆ ಹೆಮ್ಮೆಯಿಂದ ತೋರಿಸುತ್ತಿದ್ದೆ.

ಒಂದು ಮಾರ್ಚ್ ಮಧ್ಯಾಹ್ನ ಅಂಗಡಿಯಲ್ಲಿ ಫೋನು ಬಂತು. "ತಮ್ಮಾ, ನಿನ್ನ ಕಾಡಿಗೆ ಕಿಚ್ಚು ಬಿದ್ದಿದೆ. ಬೇಗ ಬಾ, ಬೀಗದ ಕೈ ತಾ." ಅಷ್ಟೇ ಹೇಳಿ ಇಟ್ಟರು.

ನಾನು ತಲುಪುವಾಗ ಅಗ್ನಿಶಾಮಕ ವಾಹನ ರಸ್ತೆಯಲ್ಲಿ, ನನ್ನ ಗೇಟಿನ ಎದುರು ನಿಂತಿತ್ತು. ಒಬ್ಬಾತ ಬೀಗವನ್ನು ಕಲ್ಲಿನಿಂದ ಜಜ್ಜುತ್ತಿದ್ದ. ತೆಗೆದೆ. ಒಳಗೆ ದಾರಿಯೆಲ್ಲಿತ್ತು? ಬೆಂಕಿ ಆಗಲೇ ಪೊದೆ ಹತ್ತಿ ಮೇಲುಗಡೆಗೆ ಹೋಗಿತ್ತು. ಸುಲಿದು ನೇತಾಡುವ ತೊಗಟೆ ಹೊತ್ತಿಕೊಂಡು ಗಾಳಿಯಲ್ಲಿ ಹಾರುತ್ತಿತ್ತು. ಸುತ್ತುಹಾಕಿ ಹಟ್ಟಿಯ ಕಡೆಯಿಂದ ಇಳಿದೆ. ಹಟ್ಟಿಯವರೆಲ್ಲ ಹಸಿ ಕೊಂಬೆ ಹಿಡಿದು ಟೀ ಸಾಲಿನೊಳಗೆ ಬಡಿಯುತ್ತಿದ್ದರು. ತಂತಿ ದಾಟಿ ಕೆಳಗಿಳಿದಿದ್ದರೆ ಬೆಂಕಿ ಬರುವ ಮೊದಲೇ ಎಲ್ಲೆಯ ಎಲೆ ಗೋರಿ ಅದರ ದಾರಿ ಕಡಿಯಬಹುದಿತ್ತು, ತಂತಿ ಬಿಡಲಿಲ್ಲ. ಬೆಳ್ಳಿಯಕ್ಕ ಟೀ ಗಿಡ ಸವರುವ ಕವಾತುಗತ್ತಿಯಿಂದ ಅದನ್ನು ಮೀಟಿ ಬರಿಗೈಯಲ್ಲಿ ಎಳೆದಿದ್ದರು. ಮುಂಗೈ ಉದ್ದಕ್ಕೆ ಸೀಳಿತ್ತು. ಸೀರೆಯ ಸೆರಗು ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಕೊಂಬೆ ಹಿಡಿದು ನಿಂತಿದ್ದರು.

ಸಂಜೆಗೆ ಮೊದಲು ಬೆಂಕಿ ಆರಿತು. ಹಟ್ಟಿ ಉಳಿಯಿತು. ಟೀಯಲ್ಲಿ ಕೆಳಗಿನ ಅರ್ಧ ಸುಟ್ಟಿತು. ಬೆಳ್ಳಿಯಕ್ಕನನ್ನು ಕಾರಿನಲ್ಲಿ ಊಟಿಗೆ ಕರೆದೊಯ್ದು ಹೊಲಿಗೆ ಹಾಕಿಸಿದೆ. ದಾರಿಯುದ್ದಕ್ಕೂ ಬೈಗುಳಕ್ಕೆ ಕಾಯುತ್ತಿದ್ದೆ. ಕೊನೆಗೆ ನಾನೇ, "ಅಕ್ಕ, ತಪ್ಪಾಯಿತು. ಹೊಸ ಟೀ ನೆಡಿಸಿಕೊಡುತ್ತೇನೆ" ಎಂದೆ.

"ನೆಡು, ನೆಡಬ್ಯಾಡ ಅನ್ನಲ್ಲ. ಅದು ಕೈಗೆ ಬರೋ ಹೊತ್ತಿಗೆ ನಾ ಇರ್ತೀನೋ ಇಲ್ಲವೋ," ಎಂದರು. ಕಾರಿನಿಂದ ಇಳಿಯುವಾಗ, "ಬರೋ ಜನವರಿಗೆ ಆಳು ಕಳಿಸಬ್ಯಾಡ. ನೀನೇ ಬಾ," ಎಂದರು.

ಮಳೆ ಬಿದ್ದ ಮೇಲೆ ನಡೆದದ್ದು ನನಗೆ ಬೆಂಕಿಗಿಂತ ಹೆಚ್ಚು ನೋವು ಕೊಟ್ಟಿತು. ಇದ್ದಿಲಿನಂತೆ ಕಪ್ಪಾಗಿದ್ದ ನನ್ನ ಮರಗಳ ಮೈಯೆಲ್ಲ ಚಿಗುರಿತು. ಬೆಳ್ಳಿಯಕ್ಕನ ಸುಟ್ಟ ಗಿಡಗಳನ್ನು ಬುಡದವರೆಗೆ ಕವಾತು ಮಾಡಿ ಕಾದೆವು. ಕೆಲವು ಮಾತ್ರ ಕಣ್ಣು ಬಿಟ್ಟವು, ಎಲ್ಲೆಯ ಪಕ್ಕದ ಸಾಲುಗಳು ಏಳಲೇ ಇಲ್ಲ. ಅಲ್ಲಿ ಹೊಸ ಸಸಿ ನೆಟ್ಟೆವು. ತಂತಿ ತೆಗೆಸಿದೆ. ಎಲೆ ಆರಿಸುವ ದಂಪತಿಯನ್ನು ಹುಡುಕಿಕೊಂಡು ಭಟ್ಟಿಗೆ ಹೋದೆ. ಅವರು ಬೇರೆ ಕಡೆ ಹೋಗಿ ವರ್ಷವಾಗಿತ್ತು, ಎಲ್ಲಿಗೆಂದು ಯಾರಿಗೂ ತಿಳಿಯದು. ಹಾಗಾಗಿ ಎಲೆ ಗೋರುವುದು ನನ್ನ ಪಾಲಿಗೇ ಬಂತು. ಮೊದಲ ದಿನ ಅರ್ಧ ಗಂಟೆಗೆ ಅಂಗೈಯಲ್ಲಿ ಬೊಬ್ಬೆ ಎದ್ದವು. ಬೆಳ್ಳಿಯಕ್ಕ ನನ್ನ ಕೈಯಿಂದ ಗುದ್ದಲಿ ಕಿತ್ತುಕೊಂಡು ಹಿಡಿಯುವ ರೀತಿ ತೋರಿಸಿದರು.

ಈ ವರ್ಷ ನನ್ನ ಪಕ್ಕದ ಆರು ಎಕರೆಯನ್ನು ಕೊಯಮತ್ತೂರಿನ ಒಬ್ಬರು ಕೊಂಡಿದ್ದಾರೆ. ಮೊನ್ನೆ ಹೋಗಿ ಮಾತಾಡಿಸಿದೆ. ಒಳ್ಳೆಯ ಮನುಷ್ಯ, ಕೂರಿಸಿ ಟೀ ಕೊಟ್ಟರು. ಎಲ್ಲೆ ಕೆತ್ತುವ ಮಾತು ತೆಗೆದ ಕೂಡಲೇ, "ಇಲ್ಲ ಸಾರ್, ಕಾಡನ್ನು ಅದರ ಪಾಡಿಗೆ ಬಿಡಬೇಕು. ಅದಕ್ಕೇ ಕೊಂಡದ್ದು," ಎಂದರು. ವಾದಿಸಲು ಬಾಯಿ ತೆರೆದೆ. ನನ್ನದೇ ಹಳೆಯ ಮಾತುಗಳಿಗೆ ಉತ್ತರ ನನಗೆ ಗೊತ್ತಿರಬೇಕಿತ್ತು. ಟೀ ಕುಡಿದು ಎದ್ದುಬಂದೆ.

ನಿನ್ನೆ ಬೆಳಿಗ್ಗೆ ಬೆಳ್ಳಿಯಕ್ಕನಿಗೆ ಇದನ್ನೆಲ್ಲ ವರದಿ ಮಾಡಿದೆ. ಅವರೀಗ ಗೋರಲಾರರು, ಬಂಡೆಯ ಮೇಲೆ ಕೂತು ಗೋರಿಸುತ್ತಾರೆ.

"ಬಿಡು, ನೀ ಮೂರು ವರ್ಷ ಕೇಳಲಿಲ್ಲ. ಅವನೂ ಮೂರು ವರ್ಷಕ್ಕೆ ಕೇಳ್ತಾನೆ," ಎಂದರು.

"ಅಷ್ಟು ದಿನ ಕಿಚ್ಚು ಕಾಯುತ್ತಾ ಅಕ್ಕ?"

ಅವರು ಪಕ್ಕದ ಆರು ಎಕರೆಯ ಕಡೆ ಕಣ್ಣು ಕಿರಿದುಮಾಡಿ ನೋಡಿದರು. ಒಣಹುಲ್ಲು ಸೊಂಟದೆತ್ತರ ನಿಂತಿತ್ತು.

"ಕಾಯಲ್ಲ. ಆ ಕಡೆ ಇನ್ನೂ ಐದು ಮಾರು ಕೆತ್ತು."

ಮೂರು ಮಾರು ಕೆತ್ತಿದೆ. ಇವತ್ತು ಸೊಂಟ ನೆಟ್ಟಗಾಗುತ್ತಿಲ್ಲ. ನಾಳೆ ಉಳಿದ ಎರಡು ಮಾರು ಮುಗಿಸಬೇಕು.